ಕಂಪ್ಯೂಟರ್ ಸುಟ್ಟರೆ ಅದರ ಲೈಸೆನ್ಸೂ ಸುಟ್ಟಿತೇ?



ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರಿಗೆ ಲೈಸೆನ್ಸ್ ಎಂಬ ಮಾತು ಹೊಸದಲ್ಲ. ಹೊಗೆಸೊಪ್ಪು ಬೆಳೆಯುವವರು ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು, ಬ್ಯಾರನ್ನಿಗೆ ಲೈಸೆನ್ಸ್ ಇರಬೇಕು. ಬ್ಯಾರನ್ ಎಂಬುದು ಗೋಡೆ, ಮಾಡು, ಒಲೆ ಉಳ್ಳ ಒಂದು ಮನೆ. ಲೈಸೆನ್ಸ್ ಎಂಬುದು ಆ ಮನೆಯಲ್ಲಿ ಸೊಪ್ಪು ಬೇಯಿಸಲು ಕೊಟ್ಟ ಅಪ್ಪಣೆ. ಇವೆರಡೂ ಬೇರೆ ಬೇರೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಕಂಪ್ಯೂಟರಿನ ವಿಷಯ ಬಂದಾಗ ಈ ಭೇದವನ್ನು ನಾವು ಮರೆತುಬಿಡುತ್ತೇವೆ. ಯಂತ್ರ ಕೆಟ್ಟಿತು ಎಂದರೆ ಎಲ್ಲವೂ ಹೋಯಿತು ಎಂದುಕೊಳ್ಳುತ್ತೇವೆ. ಈ ಮರೆವಿನಿಂದ ಎಷ್ಟೋ ವೇಳೆ ಒಂದೇ ವಸ್ತುವಿಗೆ ಎರಡು ಸಲ ಹಣ ಕೊಡುವಂತಾಗುತ್ತದೆ. ಇಲ್ಲವೇ ಕಳ್ಳ ಪ್ರತಿಯನ್ನು ಹಾಕಿಸಿಕೊಂಡು ಸಂಘದ ಲೆಕ್ಕಪತ್ರಕ್ಕೇ ಅಪಾಯ ತಂದುಕೊಳ್ಳುವಂತಾಗುತ್ತದೆ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿ ಕಂಪ್ಯೂಟರ್ ಈಗ ಅಪರೂಪವಲ್ಲ. ಹಾಲಿನ ಸಂಘದಲ್ಲಿದೆ, ಪಂಚಾಯಿತಿಯಲ್ಲಿದೆ, ಅರಿವು ಕೇಂದ್ರದಲ್ಲಿದೆ, ಗ್ರಾಮ ಒನ್ ಕೇಂದ್ರದಲ್ಲಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಿನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಗಳ ಯೋಜನೆ ಅದು. ಓದುವ ಮಕ್ಕಳಿರುವ ಮನೆಗಳಲ್ಲಿ ಲ್ಯಾಪ್‌ಟಾಪ್ ಉಂಟು. ಆದ್ದರಿಂದ ಈ ಲೇಖನ ಯಾರೋ ಪಟ್ಟಣದವರಿಗಾಗಿ ಬರೆದುದಲ್ಲ.

ಒಂದು ಊರಿನ ಹಾಲಿನ ಸಂಘವನ್ನು ಮನಸ್ಸಿಗೆ ತಂದುಕೊಳ್ಳಿ. ಭರಣಿ ಮಳೆಯ ಸಂಜೆ. ಗುಡುಗು, ಸಿಡಿಲು. ಕಾರ್ಯದರ್ಶಿಗಳು ಪ್ಲಗ್ ಕೀಳುವುದನ್ನು ಮರೆತು ಮನೆಗೆ ಹೋಗಿದ್ದಾರೆ. ಬೆಳಗ್ಗೆ ಬಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಏಳುವುದಿಲ್ಲ. ಸದಸ್ಯರ ಬಟವಾಡೆಗೆ ಇನ್ನು ಮೂರೇ ದಿನ. ರಿಪೇರಿಯವನು ಬಂದು ನೋಡಿ, "ಮಿಷನ್ ಹೋಗಿದೆ ಸಾರ್, ಹೊಸದು ತಗೊಳ್ಳಿ, ವಿಂಡೋಸಿಗೆ ಬೇರೆ ದುಡ್ಡು ಆಗುತ್ತೆ. ಬೇಡ ಅಂದರೆ ನಮ್ಮ ಹತ್ತಿರ ಇರೋದನ್ನ ಹಾಕಿಕೊಡ್ತೀನಿ" ಎನ್ನುತ್ತಾನೆ. ಕಾರ್ಯದರ್ಶಿಗಳು ಏನು ಉತ್ತರ ಕೊಡಬೇಕು? ಹಳೆಯ ಯಂತ್ರದಲ್ಲಿದ್ದ ವಿಂಡೋಸಿಗೆ ಸಂಘವು ಹಣ ಕೊಟ್ಟಿತ್ತಲ್ಲವೇ? ಅದನ್ನೇ ಹೊಸ ಯಂತ್ರಕ್ಕೆ ತರಬಾರದೇ? ಕೆಲವು ಸಲ ತರಬಹುದು, ಕೆಲವು ಸಲ ತರಲಾಗದು. ಯಾವಾಗ ಏನು ಎಂಬುದನ್ನು ನೋಡೋಣ.

ಒಂದರಲ್ಲಿ ಮೂರು

ಕಂಪ್ಯೂಟರ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಆಸ್ತಿಗಳಿವೆ.

ಮೊದಲನೆಯದು ಯಂತ್ರ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಕರೆಂಟು ಹಂಚುವ ಎಸ್.ಎಂ.ಪಿ.ಎಸ್. ಪೆಟ್ಟಿಗೆ, ಪರದೆ ಇತ್ಯಾದಿ.

ಎರಡನೆಯದು ಕಾರ್ಯಾಚರಣ ವ್ಯವಸ್ಥೆ. ಯಂತ್ರವನ್ನು ಎಬ್ಬಿಸಿ, ಕೀಲಿಮಣೆ, ಪ್ರಿಂಟರ್, ಪರದೆಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ ಇದು. ನಮ್ಮಲ್ಲಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್.

ಮೂರನೆಯದು ನಿಮ್ಮ ಲೆಕ್ಕಪತ್ರ. ಸದಸ್ಯರ ಪಟ್ಟಿ, ಹಾಲಿನ ಅಳತೆ, ಸಾಲದ ಬಾಕಿ, ಮಗಳ ಪ್ರಾಜೆಕ್ಟ್, ಮದುವೆಯ ಫೋಟೋ.

ಇವುಗಳಲ್ಲಿ ಬೆಲೆ ಕಟ್ಟಲಾಗದ್ದು ಮೂರನೆಯದು. ಯಂತ್ರವನ್ನು ಹಣ ಕೊಟ್ಟು ತರಬಹುದು, ವಿಂಡೋಸನ್ನೂ ತರಬಹುದು. ಎರಡು ವರ್ಷದ ಲೆಕ್ಕ ಯಾವ ಅಂಗಡಿಯಲ್ಲಿಯೂ ಸಿಗದು. ಆದ್ದರಿಂದ ಕಂಪ್ಯೂಟರ್ ಕೆಟ್ಟಾಗ ರಿಪೇರಿಯವನಿಗೆ ಹೇಳಬೇಕಾದ ಮೊದಲನೆಯ ಮಾತು, "ಹಾರ್ಡ್ ಡಿಸ್ಕನ್ನು ಅಳಿಸಬೇಡಿ, ಬಿಚ್ಚಿ ನಮ್ಮ ಕೈಗೆ ಕೊಡಿ" ಎಂಬುದು. ಅನೇಕ ವೇಳೆ ಬೋರ್ಡ್ ಸುಟ್ಟಿದ್ದರೂ ಡಿಸ್ಕ್ ಚೆನ್ನಾಗಿಯೇ ಇರುವುದು; ಬೇರೆ ಯಂತ್ರಕ್ಕೆ ಜೋಡಿಸಿ ಲೆಕ್ಕವನ್ನು ತೆಗೆದುಕೊಳ್ಳಬಹುದು.

ಇದರಲ್ಲಿ ಒಂದು ಎಚ್ಚರಿಕೆ ಬೇಕು. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಒಳಬೀಗ ಹಾಕಿರುತ್ತದೆ. ಇದನ್ನು ಬಿಟ್‌ಲಾಕರ್ ಎನ್ನುವರು. ಬೋರ್ಡ್ ಸತ್ತ ಮೇಲೆ ಅಂತಹ ಡಿಸ್ಕನ್ನು ಬೇರೆಡೆ ತೆರೆಯಲು 48 ಅಂಕಿಗಳ ಒಂದು ಕೀಲಿಸಂಖ್ಯೆ ಬೇಕು. ಅದು ಸಾಮಾನ್ಯವಾಗಿ ಯಂತ್ರವನ್ನು ಮೊದಲು ಚಾಲೂ ಮಾಡಿದಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದವರು ತಮ್ಮ ಮನೆಯ ಬಾಗಿಲ ಹೊರಗೆ ತಾವೇ ನಿಲ್ಲಬೇಕಾಗುವುದು.

ಲೈಸೆನ್ಸ್ ಎಂದರೇನು?

ವಿಂಡೋಸಿಗೆ ಹಣ ಕೊಟ್ಟವರು ವಿಂಡೋಸನ್ನು ಕೊಂಡುಕೊಂಡಿಲ್ಲ. ಅದನ್ನು ಬಳಸುವ ಹಕ್ಕನ್ನು ಮಾತ್ರ ಪಡೆದಿದ್ದಾರೆ. ಗೇಣಿಗೆ ಹೊಲ ಪಡೆದ ಹಾಗೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವನೇ ಹೊಲದ ಒಡೆಯನಾದ ಕಥೆ ನಿಮಗೆ ತಿಳಿದಿದೆ. ಕಂಪ್ಯೂಟರಿನ ಲೋಕದಲ್ಲಿ ಅಂತಹ ಕಾನೂನು ಬಂದಿಲ್ಲ. ಇಲ್ಲಿ ಗೇಣಿದಾರನು ಗೇಣಿದಾರನೇ. ಗೇಣಿ ಪತ್ರದಲ್ಲಿ ಏನು ಬರೆದಿದೆಯೋ ಅದೇ ನಡೆಯುವುದು. ಆ ಪತ್ರಕ್ಕೇ ಲೈಸೆನ್ಸ್ ಕರಾರು ಎಂದು ಹೆಸರು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೂ ಪುಸ್ತಕದ ಹಾಗೆಯೇ ರಕ್ಷಣೆ ಉಂಟು.

ಎರಡು ಜಾತಿಯ ಲೈಸೆನ್ಸ್

ಟ್ರ್ಯಾಕ್ಟರ್ ಇಟ್ಟಿರುವವರಿಗೆ ಇದನ್ನು ತಿಳಿಸುವುದು ಸುಲಭ. ನಿಮ್ಮ ಹತ್ತಿರ ಎರಡು ಕಾಗದಗಳಿರುತ್ತವೆ. ಒಂದು ಆರ್.ಸಿ. ಪುಸ್ತಕ. ಅದರಲ್ಲಿ ಆ ಟ್ರ್ಯಾಕ್ಟರಿನ ಚಾಸಿ ನಂಬರು ಬರೆದಿರುತ್ತದೆ. ಟ್ರ್ಯಾಕ್ಟರನ್ನು ಮಾರಿದರೆ ಆರ್.ಸಿ.ಯೂ ಅದರ ಹಿಂದೆಯೇ ಹೋಗುತ್ತದೆ. ಗುಜರಿಗೆ ಹಾಕಿದರೆ ಆ ಆರ್.ಸಿ.ಯನ್ನು ಮತ್ತೊಂದು ಟ್ರ್ಯಾಕ್ಟರಿಗೆ ಹಚ್ಚಲು ಬಾರದು. ಇನ್ನೊಂದು ಡ್ರೈವಿಂಗ್ ಲೈಸೆನ್ಸ್. ಅದು ನಿಮ್ಮ ಜೇಬಿನಲ್ಲಿರುತ್ತದೆ. ಹಳೆಯ ಟ್ರ್ಯಾಕ್ಟರ್ ಹೋದರೆ ಹೊಸದನ್ನು ಅದೇ ಲೈಸೆನ್ಸಿನಲ್ಲಿ ಓಡಿಸುತ್ತೀರಿ.

ವಿಂಡೋಸಿನಲ್ಲಿಯೂ ಹೀಗೆಯೇ. ಅಂಗಡಿಯಿಂದ ತರುವಾಗಲೇ ಕಂಪ್ಯೂಟರಿನೊಳಗೆ ಕೂತು ಬಂದ ವಿಂಡೋಸ್ ಆರ್.ಸಿ. ಪುಸ್ತಕದ ಜಾತಿ. ಇದನ್ನು ಓ.ಇ.ಎಂ. ಲೈಸೆನ್ಸ್ ಎನ್ನುವರು. ಇದು ಆ ಯಂತ್ರದ ಮದರ್‌ಬೋರ್ಡಿಗೆ ಅಂಟಿಕೊಂಡಿದೆ. ಯಂತ್ರವನ್ನು ಇನ್ನೊಬ್ಬರಿಗೆ ಕೊಟ್ಟರೆ ಅದರ ಜೊತೆಯಲ್ಲಿ ಹೋಗುವುದು. ಯಂತ್ರವನ್ನು ಬಿಟ್ಟು ಬೇರೆ ಯಂತ್ರಕ್ಕೆ ಹೋಗಲು ಕರಾರಿನಲ್ಲಿ ಅವಕಾಶವಿಲ್ಲ.

ಪ್ರತ್ಯೇಕವಾಗಿ ಹಣ ಕೊಟ್ಟು, ಡಬ್ಬಿಯಲ್ಲೋ ಇಂಟರ್‌ನೆಟ್ ಮೂಲಕವೋ ತಂದ ವಿಂಡೋಸ್ ಡ್ರೈವಿಂಗ್ ಲೈಸೆನ್ಸಿನ ಜಾತಿ. ಇದಕ್ಕೆ ರಿಟೇಲ್ ಲೈಸೆನ್ಸ್ ಎಂದು ಹೆಸರು. ಇದನ್ನು ನಿಮ್ಮ ಬೇರೊಂದು ಯಂತ್ರಕ್ಕೆ ವರ್ಗಾಯಿಸಬಹುದು. ಷರತ್ತು ಒಂದೇ: ಹಳೆಯ ಯಂತ್ರದಿಂದ ಅದನ್ನು ತೆಗೆದುಹಾಕಬೇಕು. ಏಕಕಾಲದಲ್ಲಿ ಎರಡು ಯಂತ್ರಗಳಲ್ಲಿ ಇಡಕೂಡದು.

ಇವಲ್ಲದೆ ಸರ್ಕಾರಿ ಇಲಾಖೆ, ದೊಡ್ಡ ಕಂಪನಿಗಳು ಒಟ್ಟಾಗಿ ಪಡೆಯುವ ಸಗಟು ಲೈಸೆನ್ಸ್ ಒಂದುಂಟು. ಅದು ಆ ಸಂಸ್ಥೆಯದು, ಯಂತ್ರ ಬಳಸುವವರದಲ್ಲ. ಪಂಚಾಯಿತಿಗೋ ಅರಿವು ಕೇಂದ್ರಕ್ಕೋ ಸರ್ಕಾರದಿಂದ ಬಂದ ಕಂಪ್ಯೂಟರ್ ಕೆಟ್ಟರೆ ಸ್ಥಳೀಯವಾಗಿ ಏನನ್ನೂ ಬದಲಾಯಿಸದೆ, ಕೊಟ್ಟ ಇಲಾಖೆಗೆ ಬರೆದು ತಿಳಿಸತಕ್ಕದ್ದು. ವಾರಂಟಿ ಇನ್ನೂ ಇರುವ ಯಂತ್ರವನ್ನು ಹೊರಗಿನವರಿಂದ ಬಿಚ್ಚಿಸಿದರೆ ವಾರಂಟಿಯನ್ನು ಕಳೆದುಕೊಳ್ಳುವ ಸಂಭವವೂ ಉಂಟು.

ಮೊದಲು ಕೇಳಿ: ಕೆಟ್ಟಿರುವುದು ಯಾವ ಭಾಗ?

"ಮಿಷನ್ ಹೋಗಿದೆ" ಎಂಬ ಮಾತಿನಿಂದ ಏನೂ ತಿಳಿಯದು. ಹಸು ಮೇವು ಬಿಟ್ಟಿದೆ ಎಂದರೆ ಪಶುವೈದ್ಯರು ಹೊಟ್ಟೆಯೋ, ಗೊರಸೋ, ಜ್ವರವೋ ಎಂದು ನೋಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ಕೇಳಬೇಕು.

ಎಸ್.ಎಂ.ಪಿ.ಎಸ್. ಸುಟ್ಟಿದ್ದರೆ ಅದನ್ನು ಮಾತ್ರ ಬದಲಾಯಿಸಿದರೆ ಸಾಕು. ಲೈಸೆನ್ಸಿಗೂ ಲೆಕ್ಕಕ್ಕೂ ಏನೂ ಆಗುವುದಿಲ್ಲ. ಸಿಡಿಲಿನ ದಿನಗಳಲ್ಲಿ ಮೊದಲು ಪರೀಕ್ಷಿಸಬೇಕಾದ ಭಾಗ ಇದೇ.

ರ್‍ಯಾಮ್, ಪರದೆ, ಕೀಲಿಮಣೆ, ಬ್ಯಾಟರಿ ಕೆಟ್ಟರೂ ಲೈಸೆನ್ಸಿಗೆ ಬಾಧೆಯಿಲ್ಲ.

ಹಾರ್ಡ್ ಡಿಸ್ಕ್ ಕೆಟ್ಟರೆ ಲೆಕ್ಕಕ್ಕೆ ಅಪಾಯವುಂಟು. ಆದರೆ ಲೈಸೆನ್ಸ್ ಉಳಿದಿರುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರ ಕಾಲದಿಂದ ಈಚೆಗೆ, ಕಂಪನಿಯವರೇ ವಿಂಡೋಸ್ ಹಾಕಿ ಕೊಟ್ಟ ಯಂತ್ರಗಳಲ್ಲಿ ಲೈಸೆನ್ಸಿನ ಕೀಲಿಸಂಖ್ಯೆಯನ್ನು ಮದರ್‌ಬೋರ್ಡಿನ ಚಿಪ್ಪಿನಲ್ಲಿಯೇ ಬರೆದಿರುತ್ತಾರೆ. ಹೊಸ ಡಿಸ್ಕ್ ಹಾಕಿ, ಮೈಕ್ರೋಸಾಫ್ಟಿನ ತಾಣದಿಂದ ಉಚಿತವಾಗಿ ಸಿಗುವ ವಿಂಡೋಸನ್ನು 8 ಜಿ.ಬಿ. ಪೆನ್ ಡ್ರೈವಿಗೆ ಇಳಿಸಿಕೊಂಡು, ಮೊದಲಿದ್ದ ತರಗತಿಯನ್ನೇ ಹಾಕಿದರೆ ಯಂತ್ರವು ತನ್ನ ಕೀಲಿಯನ್ನು ತಾನೇ ಓದಿಕೊಳ್ಳುವುದು. ಇಂಟರ್‌ನೆಟ್ ಸಿಕ್ಕೊಡನೆ ಲೈಸೆನ್ಸ್ ತಾನಾಗಿ ಚಾಲೂ ಆಗುವುದು. ಇಂತಹ ಸಂದರ್ಭದಲ್ಲಿ ಡಿಸ್ಕಿನ ಬೆಲೆ ಮತ್ತು ಕೂಲಿಯನ್ನು ಕೊಡಬೇಕೇ ಹೊರತು ವಿಂಡೋಸಿಗೆಂದು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಈ ಒಂದು ಸಂಗತಿಯನ್ನು ತಿಳಿದಿದ್ದರೆ ಸಾವಿರಾರು ರೂಪಾಯಿ ಉಳಿಯುವುದು.

ಮದರ್‌ಬೋರ್ಡ್ ಸುಟ್ಟಿದ್ದರೆ ಮಾತ್ರ ಲೈಸೆನ್ಸಿನ ಪ್ರಶ್ನೆ ಏಳುವುದು. ಯಂತ್ರ ತಯಾರಿಸಿದ ಕಂಪನಿಯೇ ದೋಷದ ಕಾರಣದಿಂದ ಬೋರ್ಡನ್ನು ಬದಲಾಯಿಸಿಕೊಟ್ಟರೆ ಓ.ಇ.ಎಂ. ಲೈಸೆನ್ಸ್ ಮುಂದುವರಿಯುವುದು. ಆದ್ದರಿಂದ ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಹೋಗಿ. ಬೇರೆ ಜಾತಿಯ ಬೋರ್ಡ್ ಹಾಕಿಸಿದರೆ ಅದು ಹೊಸ ಯಂತ್ರವಾದಂತೆ, ಹಳೆಯ ಓ.ಇ.ಎಂ. ಲೈಸೆನ್ಸ್ ಅಲ್ಲಿಗೆ ಮುಗಿಯಿತು. ರಿಟೇಲ್ ಆಗಿದ್ದರೆ ಮುಗಿಯಲಿಲ್ಲ.

ನಿಮ್ಮದು ಯಾವ ಜಾತಿ? ತಿಳಿಯುವ ಬಗೆ

ಯಂತ್ರ ನಡೆಯುತ್ತಿದ್ದರೆ ಹೀಗೆ ಮಾಡಿ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ. ತೆರೆಯುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರಗಳನ್ನು ಕೂಡಿಸಿ ಬರೆದು, ಸ್ವಲ್ಪ ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಹೊಂದಿಕೊಂಡಂತೆ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಬರುವ ಚೀಟಿಯಲ್ಲಿ ಓ.ಇ.ಎಂ. ಎಂದಿದ್ದರೆ ಯಂತ್ರಕ್ಕೆ ಅಂಟಿದ್ದು; ರಿಟೇಲ್ ಎಂದಿದ್ದರೆ ಸಾಮಾನ್ಯವಾಗಿ ಬಿಡಿಯಾಗಿ ಕೊಂಡದ್ದು; ವಾಲ್ಯೂಮ್ ಎಂದಿದ್ದರೆ ಸಗಟು.

ಸಾಮಾನ್ಯವಾಗಿ ಎಂದುದಕ್ಕೆ ಕಾರಣವುಂಟು. ವಿಂಡೋಸ್ 7 ಅಥವಾ 8 ಇದ್ದ ಎಷ್ಟೋ ಯಂತ್ರಗಳು ಹಿಂದೆ ಉಚಿತವಾಗಿ 10ಕ್ಕೆ ಏರಿದವು. ಅವು ಚೀಟಿಯಲ್ಲಿ ರಿಟೇಲ್ ಎಂದು ತೋರಿಸಿದರೂ, ಮೂಲದಲ್ಲಿ ಓ.ಇ.ಎಂ. ಆಗಿದ್ದರೆ ಈಗಲೂ ಓ.ಇ.ಎಂ.ಮೇ. ಸಂದೇಹ ಬಂದಾಗ ಕೊಂಡ ಬಿಲ್ಲೇ ಪ್ರಮಾಣ.

ಯಂತ್ರ ಸತ್ತಿದ್ದರೆ ಬಿಲ್ಲನ್ನು ಹುಡುಕಿ. ಬಿಲ್ಲಿನಲ್ಲಿ ಕಂಪ್ಯೂಟರ್ ಎಂದು ಒಂದೇ ಸಾಲು ಇದ್ದು, ವಿಂಡೋಸ್ ಅದರೊಡನೆಯೇ ಬಂದಿದ್ದರೆ ಓ.ಇ.ಎಂ. ವಿಂಡೋಸಿಗೆ ಬೇರೆ ಸಾಲು, ಬೇರೆ ಬೆಲೆ ಇದ್ದರೆ ರಿಟೇಲ್ ಇರಬಹುದು. ಡಬ್ಬಿಯನ್ನೂ ಅದರೊಳಗಿನ 25 ಅಕ್ಷರಗಳ ಕೀಲಿಚೀಟಿಯನ್ನೂ ನೋಡಿ. ಅಂಗಡಿಯವರೇ ಜೋಡಿಸಿಕೊಟ್ಟ ಯಂತ್ರಕ್ಕೆ ಕೆಲವು ವೇಳೆ ಓ.ಇ.ಎಂ. ಪ್ರತಿಯನ್ನೇ ಬೇರೆ ಸಾಲಿನಲ್ಲಿ ಬರೆದಿರುವುದುಂಟು. ಅದೂ ಯಂತ್ರಕ್ಕೆ ಅಂಟಿದ್ದೇ. ಇಂಟರ್‌ನೆಟ್ಟಿನಲ್ಲಿ ಕೊಂಡಿದ್ದರೆ ಕೀಲಿಸಂಖ್ಯೆ ಇ-ಮೇಲಿನಲ್ಲೋ ಖಾತೆಯಲ್ಲೋ ಇರುತ್ತದೆ.

ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ವಿಂಡೋಸ್ 7ರ ಸ್ಟಿಕ್ಕರಿನಲ್ಲಿ ಕೀಲಿಸಂಖ್ಯೆ ಇರುವುದು ನಿಜ. ಆದರೆ ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲವು 2020ರ ಜನವರಿ 14ಕ್ಕೆ ನಿಂತಿತು. ಆ ಕೀಲಿಯಿಂದ 10 ಅಥವಾ 11ನ್ನು ಹೊಸದಾಗಿ ಚಾಲೂ ಮಾಡುವ ದಾರಿಯನ್ನೂ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಆ ಸ್ಟಿಕ್ಕರನ್ನು ನಂಬಿ ಕೂರಬೇಡಿ.

ವರ್ಗಾಯಿಸುವ ಕ್ರಮ

ನಿಮ್ಮದು ರಿಟೇಲ್ ಲೈಸೆನ್ಸ್ ಎಂದು ಖಚಿತವಾದರೆ ಈ ಕ್ರಮದಲ್ಲಿ ನಡೆಯಿರಿ.

1. ಹಳೆಯ ಯಂತ್ರ ಹೇಗೋ ಒಮ್ಮೆ ಏಳುವಂತಿದ್ದರೆ, ಮೊದಲು ಲೆಕ್ಕಪತ್ರವನ್ನು ಬೇರೆಡೆ ನಕಲು ಮಾಡಿಕೊಳ್ಳಿ. ಆಮೇಲೆ ಲೈಸೆನ್ಸನ್ನು ಬಿಡಿಸಬೇಕು. ಹಿಂದೆ ಹೇಳಿದ ಐದಕ್ಷರದ ಆಜ್ಞೆಯನ್ನೇ ಬರೆದು, ಓರೆಗೆರೆಯ ಮುಂದೆ ಡಿ, ಎಲ್, ಐ ಬದಲು ಯು, ಪಿ, ಕೆ ಎಂದು ಬರೆಯಬೇಕು. ಇದನ್ನು ಆಡಳಿತಗಾರನ ಅಧಿಕಾರವಿರುವ ಕಪ್ಪು ಪರದೆಯ ಕಿಟಕಿಯಲ್ಲಿ ಮಾಡಬೇಕು, ತಿಳಿದವರನ್ನು ಜೊತೆಗಿಟ್ಟುಕೊಳ್ಳಿ. ಯಂತ್ರ ಏಳದೇ ಇದ್ದರೆ ಈ ಹೆಜ್ಜೆಯನ್ನು ಬಿಡಬಹುದು. ಆದರೆ ಆ ಡಿಸ್ಕಿನ ವಿಂಡೋಸನ್ನು ಮುಂದೆ ಮತ್ತೆ ಬಳಸಕೂಡದು.

2. ಹೊಸ ಯಂತ್ರದಲ್ಲಿ ಅದೇ ತರಗತಿಯ ವಿಂಡೋಸನ್ನು ಹಾಕಿ. ಹೋಮ್ ಎಂಬ ಕೀಲಿ ಹೋಮಿಗೆ ಮಾತ್ರ, ಪ್ರೊ ಎಂಬ ಕೀಲಿ ಪ್ರೊಗೆ ಮಾತ್ರ. ಬತ್ತದ ಪಟ್ಟೆ ತೋರಿಸಿ ರಾಗಿಯನ್ನು ಮಾರಲಾದೀತೇ? ಇದೂ ಹಾಗೆಯೇ.

3. ಸೆಟ್ಟಿಂಗ್ಸ್ ತೆರೆದು, ಸಿಸ್ಟಂ, ಅದರೊಳಗೆ ಆಕ್ಟಿವೇಷನ್ ಎಂಬಲ್ಲಿಗೆ ಹೋಗಿ, ಕೀಲಿಸಂಖ್ಯೆ ಬದಲಾಯಿಸುವ ಕಡೆ 25 ಅಕ್ಷರಗಳನ್ನು ಬರೆಯಿರಿ. ಇಂಟರ್‌ನೆಟ್ ಇರಬೇಕು.

4. ಒಪ್ಪದಿದ್ದರೆ ಅಲ್ಲಿಯೇ ಇರುವ ಟ್ರಬಲ್‌ಶೂಟ್ ಒತ್ತಿ, ಈಚೆಗೆ ಯಂತ್ರದ ಭಾಗ ಬದಲಾಯಿಸಿದೆ ಎಂಬ ಅರ್ಥದ ಸಾಲನ್ನು ಆರಿಸಿ, ಹಳೆಯ ಯಂತ್ರದಲ್ಲಿ ಬಳಸಿದ್ದ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ. ಬರುವ ಪಟ್ಟಿಯಲ್ಲಿ ಹಳೆಯ ಯಂತ್ರದ ಹೆಸರಿದ್ದರೆ ಅದನ್ನು ಆರಿಸಿ. ಲೈಸೆನ್ಸನ್ನು ಮೊದಲೇ ಖಾತೆಗೆ ಜೋಡಿಸಿದ್ದವರಿಗೆ ಮಾತ್ರ ಈ ದಾರಿ ತೆರೆದಿರುವುದು.

5. ಆಗಲೂ ಆಗದಿದ್ದರೆ ಬಿಲ್ಲನ್ನು ಕೈಯಲ್ಲಿಟ್ಟುಕೊಂಡು ಕಂಪನಿಯ ಸಹಾಯ ವಿಭಾಗಕ್ಕೆ ನಿಜ ಸಂಗತಿಯನ್ನು ತಿಳಿಸಿ: ಹಳೆಯ ಯಂತ್ರ ಸುಟ್ಟಿದೆ, ಲೈಸೆನ್ಸ್ ರಿಟೇಲ್, ಈಗ ಒಂದೇ ಯಂತ್ರದಲ್ಲಿ ಬಳಸುತ್ತೇವೆ ಎಂದು.

ನಾಲ್ಕನೆಯ ಹೆಜ್ಜೆಯಲ್ಲಿ ಒಂದು ಗುಟ್ಟಿದೆ. ಯಂತ್ರ ಹೊಸದಾಗಿ ಬಂದ ದಿನ ಅವಸರದಲ್ಲಿ ರಿಪೇರಿ ಹುಡುಗನ ಇ-ಮೇಲನ್ನೋ, ಹಿಂದಿನ ಕಾರ್ಯದರ್ಶಿಗಳ ಸ್ವಂತ ಇ-ಮೇಲನ್ನೋ ಹಾಕಿ ಚಾಲೂ ಮಾಡಿದ್ದರೆ, ಲೈಸೆನ್ಸೂ ಡಿಸ್ಕಿನ ಬೀಗದ ಕೀಲಿಯೂ ಅವರ ಖಾತೆಯಲ್ಲಿ ಇರುವುವು. ಅವರು ಊರು ಬಿಟ್ಟರೆ ಸಂಘದ ಗತಿಯೇನು? ಆದಕಾರಣ ಸಂಘದ ಹೆಸರಿನಲ್ಲಿಯೇ ಒಂದು ಖಾತೆಯನ್ನು ತೆರೆದು, ಗುಪ್ತಪದವನ್ನು ಲಕೋಟೆಯಲ್ಲಿಟ್ಟು ಸಂಘದ ಬೀರುವಿನಲ್ಲಿ ಇಡುವುದು ಲೇಸು.

ವಿಂಡೋಸಿನ ಜೊತೆಗೆ ಲೆಕ್ಕದ ಪ್ರೋಗ್ರಾಮುಗಳ ಲೈಸೆನ್ಸನ್ನೂ ಮರೆಯಬೇಡಿ. ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ, ನಡೆಯುತ್ತಿರುವ ಯಂತ್ರದಿಂದ ಲೈಸೆನ್ಸನ್ನು ಒಪ್ಪಿಸಿ, ಇನ್ನೊಂದು ಯಂತ್ರದಲ್ಲಿ ಮತ್ತೆ ಚಾಲೂ ಮಾಡುವ ಏರ್ಪಾಟು ಇದೆ. ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಇದನ್ನು ಮಾಡಬೇಕು.

ವರ್ಗಾಯಿಸಲು ಬಾರದಿದ್ದರೆ?

ಓ.ಇ.ಎಂ. ಲೈಸೆನ್ಸ್ ಬೋರ್ಡಿನೊಡನೆ ಹೋಯಿತು ಎನ್ನಿ. ಆಗಲೂ ಗಾಬರಿ ಬೇಡ. ಮೂರು ದಾರಿಗಳುಂಟು.

ಒಂದನೆಯದು, ವಿಂಡೋಸ್ ಸಹಿತವಾಗಿಯೇ ಬರುವ ಹೊಸ ಯಂತ್ರ. ಅದರ ಬೆಲೆಯಲ್ಲಿ ಲೈಸೆನ್ಸಿನ ಬೆಲೆಯೂ ಸೇರಿರುತ್ತದೆ. ಹಾಗಿರುವಾಗ ವಿಂಡೋಸಿಗೆ ಬೇರೆ ದುಡ್ಡು ಎಂದು ಯಾರಾದರೂ ಕೇಳಿದರೆ, ಯಾತಕ್ಕೆ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಎರಡನೆಯದು, ಬಳಸಿದ ಒಳ್ಳೆಯ ಯಂತ್ರ. ಕಂಪನಿಗಳು ಬಿಟ್ಟ ಲ್ಯಾಪ್‌ಟಾಪುಗಳು ಪೇಟೆಯಲ್ಲಿ ಸಿಗುತ್ತವೆ. ಬೋರ್ಡಿನಲ್ಲಿ ಓ.ಇ.ಎಂ. ಕೀಲಿ ಇರುವ ಯಂತ್ರವಾದರೆ ಲೈಸೆನ್ಸ್ ಅದರೊಡನೆಯೇ ಬರುವುದು. ಸಗಟು ಲೈಸೆನ್ಸ್ ಹಾಕಿದ್ದಾದರೆ ಅದು ನಿಮಗೆ ಸಲ್ಲದು. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಹಿಂದೆ ಹೇಳಿದ ಪರೀಕ್ಷೆ ಮಾಡಿ. ಅದು 11ಕ್ಕೆ ಅರ್ಹವೇ ಎಂದೂ ನೋಡಬೇಕು: 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಡಿಸ್ಕ್, ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ಪು, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಏಕೆಂದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಲೈಸೆನ್ಸ್ ಇರುವ 10ರಿಂದ 11ಕ್ಕೆ, ಯಂತ್ರವು ಅರ್ಹವಾಗಿದ್ದರೆ, ಹಣವಿಲ್ಲದೆ ಏರಬಹುದು.

ಮೂರನೆಯದು, ಲೈಸೆನ್ಸಿಗೆ ಹಣವೇ ಬೇಡದ ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸ ಇದು. ಇದರ ಕರಾರು ವಿಂಡೋಸಿನದಕ್ಕೆ ತಿರುಗುಮುರುಗು: ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಿ, ನೆರೆಯವರಿಗೂ ಕೊಡಿ ಎನ್ನುತ್ತದೆ. ನಾಟಿ ಬಿತ್ತನೆಯನ್ನು ಮನೆಯಿಂದ ಮನೆಗೆ ಹಂಚಿಕೊಂಡಂತೆ. ಯಂತ್ರ ಸುಟ್ಟರೆ ಇನ್ನೊಂದಕ್ಕೆ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಬಾಸ್ ಎಂಬ ಹೆಸರಿನ ಲಿನಕ್ಸನ್ನು ಸಿದ್ಧಪಡಿಸಿದೆ, ಕನ್ನಡದಲ್ಲಿಯೂ ಬರೆಯಬಹುದು. ಹೆಗ್ಗಡದೇವನಕೋಟೆಯ ಕಡೆಯವರು ಬಾವಲಿ ದಾಟಿದರೆ ಸಿಗುವ ವಯನಾಡಿನ ಸರ್ಕಾರಿ ಶಾಲೆಗಳಲ್ಲಿಯೂ, ಕಾಸರಗೋಡಿನ ಕನ್ನಡ ಶಾಲೆಗಳಲ್ಲಿಯೂ ಮಕ್ಕಳು ಕಲಿಯುವುದು ಲಿನಕ್ಸಿನ ಮೇಲೆಯೇ. ಮಕ್ಕಳ ಓದಿಗೆ, ಪತ್ರ ಬರೆಯಲು, ಇಂಟರ್‌ನೆಟ್ ನೋಡಲು ಅದು ಧಾರಾಳವಾಗಿ ಸಾಕು. ಆದರೆ ಸಂಘದ ಲೆಕ್ಕದ ಪ್ರೋಗ್ರಾಮ್, ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಅದರಲ್ಲಿ ನಡೆಯುವುವೇ ಎಂದು ಮೊದಲು ಪರೀಕ್ಷಿಸದೆ ಬದಲಾಯಿಸಬಾರದು.

"ನಮ್ಮ ಹತ್ತಿರ ಇರೋದನ್ನ ಹಾಕಿಕೊಡ್ತೀನಿ"

ಈಗ ಆ ರಿಪೇರಿಯವನ ಕೊನೆಯ ಮಾತಿಗೆ ಬರೋಣ. ಅಂದರೆ ಕಳ್ಳ ಪ್ರತಿ. ಕೆಲವೇ ನೂರು ರೂಪಾಯಿಗೆ ಇಂಟರ್‌ನೆಟ್ಟಿನಲ್ಲಿ ಮಾರುವ ಕೀಲಿಗಳೂ ಬಹುಪಾಲು ಇದೇ ಬಳಗದವು. ಮೊದಲು ಕೆಲಸ ಮಾಡುವುದು, ಒಂದು ದಿನ ನಿಲ್ಲುವುದು.

ಕಾನೂನಿನ ಮಾತು ಹಾಗಿರಲಿ. ಗೊತ್ತಿದ್ದೂ ಕಳ್ಳ ಪ್ರತಿ ಬಳಸುವವರಿಗೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಲ್ಲಿ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡ ಉಂಟು. ಲಾಭಕ್ಕಾಗಿ ಬಳಸದಿದ್ದರೆ ನ್ಯಾಯಾಲಯವು ಸೆರೆಯನ್ನು ಬಿಟ್ಟು ದಂಡ ಮಾತ್ರ ಹಾಕಬಹುದು. ಅದಕ್ಕಿಂತ ಹತ್ತಿರದ ಅಪಾಯ ಬೇರೆಯಿದೆ. ಕಳ್ಳ ಕೀಲಿ ಹಾಕುವ ಪ್ರೋಗ್ರಾಮುಗಳು ಮೊದಲು ವೈರಸ್ ಕಾವಲನ್ನು ನಿಲ್ಲಿಸಿ ಎನ್ನುತ್ತವೆ. ಕಾವಲುಗಾರನನ್ನು ಮನೆಗೆ ಕಳುಹಿಸಿ ಕಣಜದ ಬಾಗಿಲನ್ನು ತೆರೆದಿಟ್ಟ ಹಾಗೆ. ಇಂತಹ ಯಂತ್ರಗಳಲ್ಲಿ ತಿದ್ದುಪಡಿಗಳನ್ನು ನಿಲ್ಲಿಸಿಬಿಡುವುದೂ ಸಾಮಾನ್ಯ. 2017ರ ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ನಡೆದು ಸುಮಾರು 150 ದೇಶಗಳ ಯಂತ್ರಗಳಲ್ಲಿ ಕಡತಗಳಿಗೆ ಬೀಗ ಬಿದ್ದು, ಹಣ ಕೊಟ್ಟರೆ ಬಿಡುತ್ತೇವೆಂಬ ಬೆದರಿಕೆ ಬಂತು. ಅದನ್ನು ತಡೆಯುವ ತಿದ್ದುಪಡಿಯನ್ನು ಕಂಪನಿ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿಯೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಯಂತ್ರದಲ್ಲಿ ಇಂತಹ ಜೂಜನ್ನು ಆಡಲು ಯಾವ ಕಾರ್ಯದರ್ಶಿಗೂ ಹಕ್ಕಿಲ್ಲ.

ಇಂದೇ ಮಾಡಬೇಕಾದ್ದು

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಯಂತ್ರ ಚೆನ್ನಾಗಿರುವಾಗಲೇ ಒಂದು ಗಂಟೆಯ ಬಿಡುವು ಮಾಡಿಕೊಂಡು, ಸಂಘದ ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರಿಗೆ ಒಂದು ಪುಟವನ್ನು ತೆಗೆಯಿರಿ. ಅದರಲ್ಲಿ ಇವನ್ನು ಬರೆಯಿರಿ: ಕೊಂಡ ದಿನ ಮತ್ತು ಬಿಲ್ಲಿನ ನಂಬರು, ವಾರಂಟಿ ಮುಗಿಯುವ ದಿನ, ವಿಂಡೋಸ್ ಹೋಮೋ ಪ್ರೊವೋ, ಲೈಸೆನ್ಸಿನ ಜಾತಿ, ಯಾವ ಖಾತೆಗೆ ಜೋಡಿಸಿದೆ. 25 ಅಕ್ಷರದ ಕೀಲಿಯನ್ನೂ 48 ಅಂಕಿಯ ಡಿಸ್ಕ್ ಕೀಲಿಯನ್ನೂ ಬೇರೆ ಲಕೋಟೆಯಲ್ಲಿಟ್ಟು ಬೀರುವಿನಲ್ಲಿ ಇಡಿ. ಬಿಲ್ಲಿನ ಶಾಯಿ ಮಾಸಿಹೋಗುವುದುಂಟು. ಒಂದು ಜೆರಾಕ್ಸ್ ತೆಗೆಸಿಡಿ.

ವಾರಕ್ಕೊಮ್ಮೆ ಲೆಕ್ಕಪತ್ರವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಇನ್ನೊಂದು ಜಾಗದಲ್ಲಿ ಇಡಿ. ಗುಡುಗು ಕೇಳುವ ಮೊದಲೇ ಕರೆಂಟಿನ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಎರಡನ್ನೂ ಕೀಳಿರಿ. ಸಿಡಿಲು ಯಾವ ತಂತಿಯಲ್ಲಾದರೂ ಬರುವುದು. ಕಟ್ಟಡಕ್ಕೆ ಒಳ್ಳೆಯ ಅರ್ಥಿಂಗ್ ಮಾಡಿಸಿ. ಕೊನೆಗೆ ಕೆಟ್ಟ ಯಂತ್ರವನ್ನು ವಿಲೇವಾರಿ ಮಾಡುವಾಗ ಡಿಸ್ಕನ್ನು ತೆಗೆದಿಟ್ಟುಕೊಳ್ಳಿ. ಉಳಿದುದನ್ನು ತಿಪ್ಪೆಗೆ ಹಾಕದೆ, ಸುಡದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಹಣೆಯವರಿಗೆ ಒಪ್ಪಿಸಿ.

ಈಗ ಮೊದಲು ಹೇಳಿದ ಹಾಲಿನ ಸಂಘಕ್ಕೆ ಹಿಂತಿರುಗೋಣ. ಈ ಒಂದು ಪುಟ ಬರೆದಿಟ್ಟಿದ್ದ ಕಾರ್ಯದರ್ಶಿಗಳು ರಿಪೇರಿಯವನಿಗೆ ಹೀಗೆ ಹೇಳಬಲ್ಲರು: "ಮೊದಲು ಎಸ್.ಎಂ.ಪಿ.ಎಸ್. ನೋಡಪ್ಪ. ಡಿಸ್ಕ್ ಹೋಗಿದ್ದರೆ ಹೊಸ ಡಿಸ್ಕ್ ಹಾಕು, ವಿಂಡೋಸ್ ಬೋರ್ಡಿನಲ್ಲೇ ಇದೆ. ಬೋರ್ಡೇ ಹೋಗಿದ್ದರೆ ವಾರಂಟಿ ಇನ್ನೂ ಇದೆ, ಕಂಪನಿಗೆ ಕಳಿಸೋಣ. ಲೆಕ್ಕದ ನಕಲು ನನ್ನ ಹತ್ತಿರ ಇದೆ." ಹೀಗೆ ಹೇಳಬಲ್ಲವರ ಸಂಘದಲ್ಲಿ ಸಿಡಿಲು ಬಿದ್ದರೂ ಬಟವಾಡೆ ಹೇಳಿದ ದಿನವೇ ಆಗುವುದು.